ಬೆಲ್ ಒತ್ತಿದರೆ ಹತ್ತುವ ದೀಪ

"ಸುಟ್ಟ ಮಾಲು ಕೊಟ್ಟು ಕಳಿಸ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಸ್ಪೇರ್ ಪಾರ್ಟ್ಸ್ ಅಂಗಡಿಯವನು ತಲೆ ಎತ್ತಿದ. ಅವಳು ಕೌಂಟರ್ ಮೇಲೆ ಸುರಿದ ಪುಟಾಣಿ ಎಲ್‌ಇಡಿಗಳಲ್ಲಿ ಒಂದು ಉರುಳಿ ಅವನ ಟೀ ಲೋಟಕ್ಕೆ ತಾಗಿ ನಿಂತಿತು.

"ಬ್ಯಾಟರಿ ಎಷ್ಟು ವೋಲ್ಟು?"

"ಒಂಬತ್ತು."

"ಮಧ್ಯ ಏನು ಹಾಕಿದ್ರಿ?"

"ಮಧ್ಯ ಏನು ಹಾಕ್ತಾರೆ? ವಯರು!"

ನಗಬಾರದು ಅಂತ ಅವನು ತುಟಿ ಕಚ್ಚಿಕೊಂಡ. ಕಣ್ಣು ಮಾತ್ರ ಮಾತು ಕೇಳದೆ ನಕ್ಕುಬಿಟ್ಟವು. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಆ ಕಣ್ಣು ಚೆನ್ನಾಗಿವೆ ಅನ್ನಿಸಿದ್ದಕ್ಕೆ ಇನ್ನಷ್ಟು ಉರಿಯಿತು.

"ಎಲ್‌ಇಡಿಗೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ ಕಣ್ರೀ. ಕೊಟ್ಟಷ್ಟೂ ಕರೆಂಟ್ ಕುಡಿಯುತ್ತೆ, ಕುಡಿದೇ ಸಾಯುತ್ತೆ. 'ಸಾಕು' ಅನ್ನೋರು ಒಬ್ಬರು ಮಧ್ಯ ಇರಬೇಕು. ಏನು ಮಾಡ್ತಿದೀರಿ ಹೇಳಿ, ನಾನೇ ಮಾಡಿಕೊಡ್ತೀನಿ."

"ಬೇಡ. ನಾನು ಮಾಡಬೇಕು. ಹೇಗೆ ಅಂತ ಹೇಳಿ, ಸಾಕು."

ಪಕ್ಕದ ಬೀದಿಯ ಟೈಲರ್ ಅವಳು. ಕಿವಿ ಕೇಳದ ತಂಗಿಗೆ ಬೇರೆ ಊರಿನಲ್ಲಿ, ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಹುಡುಗಿ ಕುಣಿದಾಡಿದಳು. ಅಪ್ಪ ಮಾತ್ರ ಜಗ್ಗಲಿಲ್ಲ. "ಬಾಗಿಲು ತಟ್ಟಿದ್ರೆ ಗೊತ್ತಾಗದವಳನ್ನ ಒಬ್ಬಳನ್ನೇ ಹೇಗಮ್ಮ ಬಿಡೋದು?" ಅಂದರು. ಅಕ್ಕ ಅವತ್ತೇ ಉಡದ ಪಟ್ಟು ಹಿಡಿದಳು. ಬೆಲ್ ಒತ್ತಿದರೆ ದೀಪ ಹತ್ತಬೇಕು. ರೂಮಿನಲ್ಲೊಂದು, ಅಡಿಗೆಮನೆಯಲ್ಲೊಂದು, ಬಚ್ಚಲಲ್ಲೊಂದು. ಎಲ್ಲೋ ದೂರದಲ್ಲಿ ಕೆಟ್ಟರೆ, ವಿಡಿಯೋ ಕಾಲಿನಲ್ಲೇ ಸನ್ನೆ ಮಾಡಿ ರಿಪೇರಿ ಹೇಳಿಕೊಡುವಷ್ಟು ಅದರ ಒಳಹೊರಗು ತನಗೆ ಗೊತ್ತಿರಬೇಕು.

ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ಅವನ ಕಣ್ಣಿನ ನಗು ಇಳಿದಿತ್ತು. ಸ್ಟೂಲ್ ಎಳೆದು ಅವಳ ಕಡೆ ತಳ್ಳಿದ.

"ಕೂತ್ಕೊಳ್ಳಿ. ಪ್ಲಗ್ಗಿಗೆ ಹಾಕೋ ಅಡಾಪ್ಟರ್ ಹನ್ನೆರಡು ವೋಲ್ಟು, ಕರೆಂಟ್ ಹೋದಾಗ ಬ್ಯಾಟರಿ ಒಂಬತ್ತು. ಕರೆಂಟ್ ತಡೆಯೋ ರೆಸಿಸ್ಟರ್ ಒಂದನ್ನೇ ಹಾಕಿದ್ರೆ ಹನ್ನೆರಡರಲ್ಲಿ ಚೆನ್ನಾಗಿ ಉರಿಯುತ್ತೆ, ಬ್ಯಾಟರೀಲಿ ಮಂಕಾಗುತ್ತೆ." ಚಿಕ್ಕ ಡಬ್ಬಿಯಿಂದ ಅಕ್ಕಿಕಾಳಿನಂಥದ್ದೊಂದು ತೆಗೆದ. "ಇದು ಕರೆಂಟ್ ಲಿಮಿಟಿಂಗ್ ಡಯೋಡ್. ಎರಡೇ ಕಾಲು. ಹನ್ನೆರಡು ಬರಲಿ, ಒಂಬತ್ತು ಬರಲಿ, ಇಷ್ಟೇ ಕರೆಂಟ್ ಅಂತ ಲೆಕ್ಕವಾಗಿ ಬಿಡುತ್ತೆ. ಆದ್ರೆ ಉಳಿದಿರೋದು ಇದೊಂದೇ."

"ನನಗೆ ಮೂರು ಬೇಕಲ್ಲ?"

"ಉಳಿದೆರಡಕ್ಕೆ ಮೂರು ಕಾಲಿನ ರೆಗ್ಯುಲೇಟರ್ ಇದೆ. ಜೊತೆಗೊಂದು ರೆಸಿಸ್ಟರ್ ಕಟ್ಟಿದ್ರೆ ಅದೂ ಇದೇ ಕೆಲಸ ಮಾಡುತ್ತೆ. ಸ್ವಲ್ಪ ಕೈಚಳಕ ಬೇಕು."

"ಬ್ಲೌಸಿಗೆ ಹುಕ್ಕು ಹಾಕೋ ಕೈ ಇದು," ಅಂದಳು ಅವಳು.

ಅಂದಿನಿಂದ ತನ್ನ ಅಂಗಡಿಯ ಶಟರ್ ಎಳೆದವಳೇ ಇಲ್ಲಿಗೆ ಬರುತ್ತಿದ್ದಳು. ಬೆಸುಗೆ ಹಾಕುವಾಗ ಅವಳ ಕೂದಲೆಳೆ ಬಿಸಿ ಬೆಸುಗೆ ಕಡ್ಡಿಯ ಹತ್ತಿರ ಇಳಿದರೆ ಅವನು ಸದ್ದಿಲ್ಲದೆ ಫ್ಯಾನಿನ ಮುಖ ತಿರುಗಿಸುತ್ತಿದ್ದ. ಕೂದಲು ಹಿಂದೆ ಹಾರುತ್ತಿತ್ತು. ಅವಳಿಗೆ ಗೊತ್ತಾಗಿಲ್ಲ ಅಂತ ಅವನು ಅಂದುಕೊಂಡಿದ್ದ. ಅವಳಿಗೆ ಎಲ್ಲ ಗೊತ್ತಿತ್ತು. ಒಂದೆರಡು ಸಲ ಬೇಕಂತಲೇ ಕೂದಲು ಇಳಿಬಿಟ್ಟಿದ್ದೂ ಉಂಟು.

"ಏನು ಹಾಗೆ ನೋಡ್ತೀರಿ?"

"ಬೆಸುಗೆ ನೋಡ್ತಿದೀನಿ."

"ಬೆಸುಗೆ ನನ್ನ ಮುಖದ ಮೇಲಿದೆಯಾ?"

ಅವನ ಕಿವಿ ಕೆಂಪಾಯಿತು.

ಡಯೋಡಿನ ದೀಪ ಬೇಗ ಮುಗಿಯಿತು. ರೆಗ್ಯುಲೇಟರಿನದು ಸತಾಯಿಸಿತು. ಅರ್ಧ ಮಾಡಿದ ಬೋರ್ಡನ್ನು ಅಲ್ಲೇ ಬಿಟ್ಟು ಹೋಗಿದ್ದವಳು ಮರುದಿನ ಬಂದು ನೋಡಿದರೆ, ಅದು ಪೂರ್ತಿಯಾಗಿ, ಮುತ್ತು ಪೋಣಿಸಿದಂಥ ಬೆಸುಗೆಯೊಂದಿಗೆ ಥಳಥಳ ಹೊಳೆಯುತ್ತಿತ್ತು.

"ನಿಮಗೆ ಸುಸ್ತಾಗಿತ್ತಲ್ಲ, ಅದಕ್ಕೇ..." ಅಂದ ಅವನು, ಹೊಗಳಿಕೆ ಕಾಯುವವನಂತೆ.

ಅವಳು ಬೆಸುಗೆ ಕಡ್ಡಿ ಕಾಯಿಸಿ, ಅವನ ಎದುರಿಗೇ ಒಂದೊಂದೇ ಬೆಸುಗೆ ಕರಗಿಸಿ ಕಿತ್ತಳು. "ನನ್ನ ಕೆಲಸ ಯಾಕೆ ಮುಟ್ಟಿದ್ರಿ? ಕೆಟ್ಟಾಗ ತಂಗಿ ನನ್ನ ಕೇಳ್ತಾಳೆ. 'ಯಾರೋ ಮಾಡಿಕೊಟ್ರು' ಅಂತ ಹೇಳ್ಲಾ?" ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ತಿರುಗಿಯೂ ನೋಡದೆ ಹೊರಟಳು. ಬೀದಿಯ ತಿರುವಿನಲ್ಲಿ ಕಣ್ಣು ತುಂಬಿತು. ಒರೆಸಿಕೊಂಡು ನಡೆದಳು.

ಮನೆಯ ಹೊಲಿಗೆ ಮೇಜಿನ ಮೇಲೆ ಒಬ್ಬಳೇ ಕೂತು ಕಟ್ಟಿದಳು. ಎಲ್‌ಇಡಿ ಸುಟ್ಟುಹೋದವು. ಮತ್ತೆ ಕಟ್ಟಿದಳು, ಮತ್ತೆ ಸುಟ್ಟುಹೋದವು. ತಂಗಿ ಹೊರಡುವ ದಿನ ಹತ್ತಿರ ಬರುತ್ತಿತ್ತು. ಅಪ್ಪ ಏನೂ ಅನ್ನದೆ ಓಡಾಡುವುದೇ ಅವಳಿಗೆ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ತಂಗಿ ಹೇಳದೆ ಕೇಳದೆ ಅಂಗಡಿಗೆ ಹೋಗಿ ಅವನ ಮೂಗಿನ ಮುಂದೆ ಫೋನ್ ಹಿಡಿದಳು. ಟೈಪ್ ಮಾಡಿದ್ದು ಇಷ್ಟೇ: 'ಅಕ್ಕ ಸರಿಯಾಗಿ ಊಟ ಮಾಡ್ತಿಲ್ಲ. ತಪ್ಪು ನಿಮ್ದು. ಬನ್ನಿ.'

ಅವನು ಬಂದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತ. "ತಪ್ಪಾಯ್ತು. ಇವತ್ತು ಏನೂ ಮುಟ್ಟಲ್ಲ."

ಅವಳು ಬೋರ್ಡನ್ನು ಅವನತ್ತ ತಿರುಗಿಸಿದಳು. ಅವನು ಬಗ್ಗಿ ನೋಡಿದ. ತಪ್ಪೆಲ್ಲಿದೆ ಅಂತ ಅವನಿಗೆ ಹೊಳೆದದ್ದು ಅವನ ಮುಖದಲ್ಲೇ ಕಂಡಿತು. ಬೆರಳು ಚಡಪಡಿಸಿದ್ದೂ ಕಂಡಿತು. ಆದರೂ ಕೈ ಬಿಚ್ಚಲಿಲ್ಲ.

"ಕರೆಂಟ್ ಯಾವ ದಾರೀಲಿ ಹೋಗ್ತಿದೆ, ಬೆರಳಿಟ್ಟು ತೋರಿಸಿ."

ಅವಳು ಬೆರಳಿಟ್ಟಳು. "ಅಡಾಪ್ಟರಿಂದ ಒಳಗೆ. ಇಲ್ಲಿ ರೆಗ್ಯುಲೇಟರ್. ಈ ಕಾಲಿಂದ ಹೊರಗೆ, ನೇರ ಎಲ್‌ಇಡಿಗೆ..." ಬೆರಳು ಅಲ್ಲೇ ನಿಂತಿತು. ಅವನು ಕಾದ.

"ಅಯ್ಯೋ! ಇದು ರೆಸಿಸ್ಟರ್ ಒಳಗೆ ಹಾಯ್ದು ಹೋಗ್ತಾನೇ ಇಲ್ಲ! ಎಷ್ಟು ಕರೆಂಟ್ ಹೋಗ್ತಿದೆ ಅಂತ ರೆಗ್ಯುಲೇಟರಿಗೆ ಹೇಗೆ ಗೊತ್ತಾಗಬೇಕು? ವಯರು ಇಲ್ಲಿಂದಲ್ಲ, ರೆಸಿಸ್ಟರಿನ ಆ ತುದಿಯಿಂದ ತಗೋಬೇಕು!"

ವಯರು ಬದಲಿಸಿ, ಸುಟ್ಟದ್ದನ್ನು ಕಿತ್ತು ಹೊಸ ಎಲ್‌ಇಡಿ ಹಾಕಿದಳು. ತಂಗಿ ಓಡಿಹೋಗಿ ಹೊರಗಿನ ಬೆಲ್ ಸ್ವಿಚ್ ಒತ್ತಿದಳು. ಡಯೋಡಿನದು, ರೆಗ್ಯುಲೇಟರಿನದು, ಎರಡು ಕೆಂಪು ದೀಪ ಒಟ್ಟಿಗೇ ಹತ್ತಿದವು. ಮೂರನೆಯದನ್ನು ಇನ್ನು ಇದನ್ನೇ ನೋಡಿ ಕಟ್ಟಿದರಾಯಿತು. ಅಡಾಪ್ಟರ್ ಕಿತ್ತು ಬ್ಯಾಟರಿ ಸಿಕ್ಕಿಸಿ ನೋಡಿದರೂ ಅಷ್ಟೇ ಬೆಳಕು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಅಪ್ಪ ಸ್ವಲ್ಪ ಹೊತ್ತು ದೀಪ ನೋಡಿ, "ಆಯ್ತು, ದೊಡ್ಡ ಸೂಟ್‌ಕೇಸ್ ಅಟ್ಟದ ಮೇಲಿದೆ, ಇಳಿಸ್ತೀನಿ," ಅಂತ ಒಳಗೆ ಹೋದರು.

ಅವಳು ಅವನ ಕಡೆ ತಿರುಗಿದಳು. ತಂಗಿ ತುಟಿ ಓದುತ್ತಾಳೆ ಅಂತ ಬಾಗಿಲಿಗೆ ಬೆನ್ನು ಹಾಕಿ ನಿಂತಳು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನಿಮಗೇ ಸಿಗುತ್ತೆ ಅಂತ ಗೊತ್ತಿತ್ತು."

"ಕಷ್ಟ ಆಯ್ತಾ?"

"ಪ್ರಾಣ ಹೋದ ಹಾಗಾಯ್ತು."

ಅವಳಿಗೆ ನಗು ಬಂತು, ಅದರ ಹಿಂದೆಯೇ ಧೈರ್ಯವೂ ಬಂತು. "ನೋಡಿ, ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನನಗೆ ನೀವು ಇಷ್ಟ. ಮದುವೆ ಆದ್ರೆ ನಿಮ್ಮನ್ನೇ ಅಂತ ತೀರ್ಮಾನ ಮಾಡಿದೀನಿ. ನಿಮ್ಮದೇನು?"

ಬೆನ್ನ ಹಿಂದೆ ಕಟ್ಟಿದ್ದ ಕೈಗಳು ಕೊನೆಗೂ ಬಿಚ್ಚಿಕೊಂಡವು. ಬೆಸುಗೆಯ ಬಿಸಿ ಆರದ ಅವಳ ಬೆರಳ ತುದಿಗಳನ್ನು ಮೆಲ್ಲಗೆ ಹಿಡಿದ. "ನೀವು ಎಲ್‌ಇಡಿ ಸುರಿದು ಬೈದ್ರಲ್ಲ, ಅವತ್ತೇ ನಾನು ತೀರ್ಮಾನ ಮಾಡಿದೆ. ಹೇಳೋಕೆ ಹೆದರಿಕೆ."

ಹಿಂದಿನಿಂದ ಚಪ್ಪಾಳೆ ಕೇಳಿತು. ಅವಳ ತುಟಿ ಕಾಣದಿದ್ದರೇನು, ಅವನದು ಸ್ಪಷ್ಟವಾಗಿ ಕಾಣುತ್ತಿತ್ತು! ತಂಗಿ ಬಾಗಿಲ ಚೌಕಟ್ಟಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಅವಳು ನಾಚಿ ಕೆಂಪೇರಿದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ನಿಮ್ಮ ಅಮ್ಮನ ಹತ್ತಿರ. ಹೇಳಬೇಕಲ್ಲ?"

"ಈಗಲೇ? ಅಂಗಡಿ ಹಾಗೇ ತೆರೆದಿಟ್ಟು ಓಡಿ ಬಂದಿದೀನಿ ಮಾರಾಯ್ತಿ!"

"ದಾರೀಲಿ ಬೀಗ ಹಾಕೋಣ, ಬನ್ನಿ," ಅಂತ ಅವಳು ಮುಂದೆ ನಡೆದಳು.