ಹನ್ನೊಂದು ನಿಮಿಷದ ಸೇಡು

ಆಮ್ರಪಾಲಿ ಹಿಂದಿನ ಬೆಂಚಿನಲ್ಲಿ ಕೂತು ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

ಭಾಲ್ಕಿಯ ಆ ಖಾಸಗಿ ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಒಂದೇ ಖಾಲಿ ಇತ್ತು. ಇವತ್ತು ಪಾಠ ಮಾಡಿ ತೋರಿಸಲು ಬಂದವನ ಬಗ್ಗೆ ಅಲ್ಲಿನ ಶಿಕ್ಷಕಿಯಾದ ಅವಳು ಬರೆಯುವ ವರದಿ ನೋಡಿಯೇ ಹೆಡ್‌ಮಾಸ್ತರ್ ಶಿವರಾಜಪ್ಪನವರು ತೀರ್ಮಾನ ಮಾಡುವವರಿದ್ದರು.

ಬಾಗಿಲಲ್ಲಿ ಕಪಿಲ ನಿಂತಿದ್ದ.

ಒಂದು ಕ್ಷಣ ಅವನ ಮುಖದ ಬಣ್ಣವೇ ಹೋಯಿತು.

“ಜೈಭೀಮ ರಿ... ಮೇಡಂ.”

“ಟೈಮ್ ಶುರು ಆಗೇದರಿ. ಪಾಠ ಮಾಡ್ರಿ.”

‘ಬಾ ಕಪಿಲ... ಮೂರು ವರ್ಷ ಈ ದಿನಕ್ಕೇ ಕಾದೀನಿ.’

ಮೂರು ವರ್ಷದ ಹಿಂದೆ ಬೀದರಿನ ಬಿ.ಎಡ್. ಕಾಲೇಜಿನಿಂದ ಇಬ್ಬರನ್ನು ಮಾತ್ರ ಎರಡು ತಿಂಗಳ ಪಾಠಾಭ್ಯಾಸಕ್ಕೆ ಫಿನ್‌ಲ್ಯಾಂಡಿಗೆ ಕಳಿಸಿದ್ದರು. ಔರಾದ ತಾಲ್ಲೂಕಿನ ಚಿಂತಾಕಿಯಿಂದ ಅವಳು, ಕಮಠಾಣದಿಂದ ಅವನು. ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲೇ ಓಡಾಡುವ ಮಕ್ಕಳು, ಕಿಟಕಿ ತುಂಬ ಹಿಮ. ಅವಳ ಕೈ ಚಳಿಗೆ ಮರಗಟ್ಟುವುದನ್ನು ಕಂಡು ಕಪಿಲ ತನ್ನ ಉಣ್ಣೆಯ ಕೈಗವಸುಗಳನ್ನು ಮೇಜಿನ ಮೇಲೆ ಮರೆತವನಂತೆ ಬಿಟ್ಟುಹೋಗುತ್ತಿದ್ದ. ದಿನಾ ಮರೆಯುತ್ತಿದ್ದ.

ಅವಳ ಮೊದಲ ಪಾಠ, ಭಿನ್ನರಾಶಿ. ಕಪಿಲನ ತಾಯಿ ಶಾಲುಬಾಯಿ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿಯೊಂದನ್ನು ಮೇಜಿನ ಮೇಲಿಟ್ಟು, “ಎಂಟು ಮಂದಿಗೆ ಸಮ ಪಾಲು ಮಾಡಿ” ಅಂದಳು. ಅಷ್ಟೇ. ಕಲಿತಿದ್ದ ಇಂಗ್ಲಿಷ್ ಎಲ್ಲ ಮರೆತುಹೋಯಿತು. ತಲೆ ಬಗ್ಗಿಸಿ ನಿಂತೇ ಇದ್ದಳು.

ಹಿಂದಿನ ಬೆಂಚಿನಲ್ಲಿ ಕಪಿಲ ವೀಕ್ಷಣೆಯ ಹಾಳೆ ತುಂಬುತ್ತಿದ್ದ. ಆ ಶಾಲೆಯ ಪದ್ಧತಿಯಂತೆ ಎಡಪುಟದಲ್ಲಿ ಟೀಚರ್ ಏನು ಮಾಡಿದರು, ಬಲಪುಟದಲ್ಲಿ ಮಕ್ಕಳು ಏನು ಮಾಡಿದರು ಎಂದು ಬರೆಯಬೇಕು.

ಊರಿಗೆ ಬಂದ ಮೇಲೆ ಕಾಲೇಜಿನ ಫೈಲಿನಲ್ಲಿ ಅವಳು ಆ ಹಾಳೆ ಕಂಡಳು. ‘ಹನ್ನೊಂದು ನಿಮಿಷ ಶಿಕ್ಷಕಿ ಒಂದು ಮಾತೂ ಆಡಲಿಲ್ಲ.’ ಬಲಗಡೆ ಬರೀ ಬಿಳಿ. “ಮಾತೇ ಬರಲಾರದ ಟೀಚರ್‌ನ ಏನ್ ಮಾಡೋದವಾ?” ಎಂದು ಪ್ರಾಧ್ಯಾಪಕರು ನಕ್ಕಿದ್ದರು. ಇಬ್ಬರಲ್ಲೊಬ್ಬರಿಗೆ ಎಂದಿದ್ದ ಕಾಲೇಜಿನದೇ ಶಾಲೆಯ ಕೆಲಸ ಕಪಿಲನಿಗೆ ಸಿಕ್ಕಿತು.

ಅಂದೇ ಅವಳು ಅವನ ನಂಬರ್ ಅಳಿಸಿದ್ದಳು. ಮನೆಗೆ ಬಂದವನನ್ನು ಅಂಗಳದಿಂದಲೇ ವಾಪಸ್ ಕಳಿಸಿದ್ದಳು.

ಈಗ ಕಪಿಲ ಚೀಲದಿಂದ ಏನೋ ತೆಗೆದ.

ಖಡಕ್ ರೊಟ್ಟಿ.

“ಒಂದು ರೊಟ್ಟಿ, ಎಂಟು ಮಂದಿ. ಸಮ ಪಾಲು ಮಾಡ್ರಿ ನೋಡೋಣ,” ಎಂದು ಅದನ್ನು ಮಕ್ಕಳ ಮುಂದಿಟ್ಟು ಕೈಕಟ್ಟಿ ನಿಂತುಬಿಟ್ಟ.

ಪಕ್ಕದಲ್ಲೇ ಕೂತಿದ್ದ ಶಿವರಾಜಪ್ಪನವರು ಅವಳ ಕಡೆ ಬಾಗಿದರು. “ಇಂವ ಮಾತಾಡ್ತಾನೋ ಇಲ್ಲೋ?”

ಅವಳು ಗಡಿಯಾರ ನೋಡಿದಳು. ಐದು ನಿಮಿಷ... ಎಂಟು... ಹನ್ನೊಂದು. ಅವತ್ತಿನ ಹಾಳೆಯಂತೆಯೇ ಎಡಪುಟದಲ್ಲಿ ಮಾತ್ರ ಕೆಂಪು ಅಕ್ಷರದಲ್ಲಿ ಬರೆದಳು: ‘ಹನ್ನೊಂದು ನಿಮಿಷ ಶಿಕ್ಷಕರು ಒಂದು ಮಾತೂ ಆಡಲಿಲ್ಲ.’

ಮೂರು ವರ್ಷ ಕಾದ ಸೇಡು ಒಂದೇ ಸಾಲಿನಲ್ಲಿ ಮುಗಿಯಿತು. ಯಾಕೋ ಬಾಯಿಗೆ ಕಹಿ ಬಂದಂತಾಯಿತು.

ಗಂಟೆಯಾಯಿತು. ಹೆಡ್‌ಮಾಸ್ತರ್ ಫೋನೆಂದು ಹೊರಗೆ ಹೋದರು. ಅವಳು ಹಾಳೆಯನ್ನು ಅವನ ಮುಂದೆ ತಳ್ಳಿದಳು.

“ಓದ್ಕೋ. ಗುರುತು ಸಿಕ್ತೇನು?”

ಅವನು ಓದಿ ಸಣ್ಣಗೆ ನಕ್ಕ. “ಬಲಪುಟ ಯಾಕ ಖಾಲಿ ಬಿಟ್ಟಿ?”

“ನೀ ಬಿಟ್ಟಂಗ ನಾನೂ ಬಿಟ್ಟೀನಿ.”

“ನಾ... ಖಾಲಿ ಬಿಟ್ಟೆನಾ?”

ಸರ್ಟಿಫಿಕೇಟುಗಳ ಅಡಿಯಿಂದ ಅವನು ಮಡಚಿದ ಹಾಳೆಯೊಂದನ್ನು ತೆಗೆದ. “ಇಲ್ಲಿ ಹುಡುಗರು ಏನ್ ಮಾಡಿದ್ರಂತ ಬರಿಯೋ ಪದ್ಧತಿನೇ ಇಲ್ಲ, ಆಮ್ರಪಾಲಿ. ಕಾಲೇಜಿನವರು ಎಡಪುಟ ಅಷ್ಟೇ ಝೆರಾಕ್ಸ್ ಮಾಡಿ ಫೈಲಿಗೆ ಹಾಕ್ಕೊಂಡು ಇದನ್ನ ವಾಪಸ್ ಕೊಟ್ರು. ನಿನಗ ತೋರಸ್ಬೇಕಂತನೇ ಚಿಂತಾಕಿಗೆ ಬಂದಿದ್ದೆ. ನೀ ಅಂಗಳ ದಾಟಿಸಲಿಲ್ಲ.”

ಅವಳು ಓದಿದಳು. ‘ರೊಟ್ಟಿ ಸಮನಾಗಿ ಮುರಿಯಲಿಲ್ಲ. ಮಕ್ಕಳು ತಕ್ಕಡಿ ತಂದು ಚೂರುಗಳನ್ನು ತೂಗಿದರು. ಪುಡಿಯನ್ನೂ ಎಂಟು ಪಾಲು ಮಾಡಿದರು. ಟೀಚರ್ ಬಾಯಿ ಹಾಕಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಹೀಗೆ ಕಲಿಸಲು ನನಗೆ ಬಾರದು.’

ಅಕ್ಷರಗಳು ಮಸುಕಾದವು. ‘ನಾ ಹೆದರಿ ನಿಂತಿದ್ದೆ ಕಪಿಲ... ನಿನಗ ಅದು ಪಾಠ ಅನಿಸ್ತಾ?’

“ಮತ್ತ ಬೀದರಿನ ಕೆಲಸ?”

“ಎಂಟನೇ ದಿನ ಬಿಟ್ಟೆ. ನಿನ್ನ ಜಾಗಾದಾಗ ಕುಂತಂಗ ಅನಿಸ್ತು.”

ಅವಳು ಹಾಳೆ ಕೆಳಗಿಟ್ಟಳು. ತಲೆಯೆತ್ತಿ ತರಗತಿಯನ್ನು ನೋಡಿದಳು. ಮಕ್ಕಳು ಆಟಕ್ಕೂ ಹೋಗದೆ ಚೂರುಗಳ ಸುತ್ತ ಇನ್ನೂ ಜಗಳವಾಡುತ್ತಿದ್ದರು. ಮನಿಷಾ ಎಂಬ ಪುಟ್ಟ ಹುಡುಗಿ ತನ್ನ ದೊಡ್ಡ ಚೂರಿನಿಂದ ಸ್ವಲ್ಪ ಮುರಿದು ಪಕ್ಕದವಳ ಕೈಗಿಟ್ಟು, “ಈಗ ನಿಂದೂ ನಂದೂ ಒಂದೇ,” ಅಂದಳು.

ಆಮ್ರಪಾಲಿ ಕೂತು ಬಲಪುಟ ತುಂಬತೊಡಗಿದಳು. ಜಾಗ ಸಾಲದೆ ಹಿಂಬದಿಗೂ ಬರೆದಳು.

ಶಿವರಾಜಪ್ಪನವರು ಎರಡೂ ಪುಟ ಓದಿ ಕನ್ನಡಕ ತೆಗೆದರು. “ನಾ ಇವನ ಬಾಯಿ ಅಷ್ಟೇ ನೋಡ್ಕೋತ ಕುಂತಿದ್ದೆ ನೋಡವಾ. ಸೋಮವಾರದಿಂದ ಬರಲಿ.”

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಔರಾದದ ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರ ನಡುವೆ ಕಾಗದದಲ್ಲಿ ಒಂದು ಚೂರು ರೊಟ್ಟಿ ಉಳಿದಿತ್ತು.

“ಮೂರು ವರ್ಷ ನಿನಗ ಬೈಕೋತ ಮಲಗೀನಿ,” ಅಂದಳು.

“ದಿನಾ ನೆನಸ್ತಿದ್ದಿ ಅನ್ನು.”

“ಭಾಳ ಶಾಣ್ಯಾ ಇದ್ದಿ.” ಅವಳು ರೊಟ್ಟಿ ಮುರಿದಳು. ಸಮನಾಗಲಿಲ್ಲ. ದೊಡ್ಡದನ್ನು ಅವನ ಕೈಗಿಟ್ಟಳು.

“ಇದು ಸಮ ಆಗ್ಲಿಲ್ಲಲ್ಲ, ಟೀಚರ್.”

“ಇರ್ಲಿ. ದಿನಾ ಮುರಿಯೋಣ... ಒಂದಿನ ಆಗ್ತದ.”

ಅವನು ತನ್ನ ಪಾಲನ್ನು ಬಾಯಿಗಿಟ್ಟುಕೊಂಡ. ಬಸ್ಸು ಬರುವವರೆಗೂ ಇಬ್ಬರೂ ಒಂದು ಮಾತೂ ಆಡಲಿಲ್ಲ. ಅವಳು ಗಡಿಯಾರವನ್ನೂ ನೋಡಲಿಲ್ಲ.