ಬೀಸುಕಲ್ಲಿನ ಜಾಗದಲ್ಲೊಂದು ಪದ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಸಿಂಗಾಪುರ ಬಡಾವಣೆಯ ಹೋಟೆಲ್ ಮಾಲೀಕ ಮುನೇಶ್ ಏದುಸಿರು ಬಿಡುತ್ತಾ ಠಾಣೆಗೆ ಬಂದ. ಬಾಗಿಲಲ್ಲಿ ಅಲಂಕಾರಕ್ಕಿಟ್ಟಿದ್ದ ಅವನ ಅಜ್ಜಿ ಕಾಲದ ಬೀಸುಕಲ್ಲು ಮಾಯವಾಗಿತ್ತು. ಅದರ ಜಾಗದಲ್ಲೊಂದು ಚೀಟಿ ಇತ್ತು.

ಎಫ್‌ಐಆರ್ ಆಯಿತು, ಸ್ಥಳ ಪಂಚನಾಮೆಯೂ ಮುಗಿಯಿತು. ಇನ್‌ಸ್ಪೆಕ್ಟರ್ ವನಿತಾ ಚೀಟಿ ಹಿಡಿದು ಕೂತರು:

ಹಿಟ್ಟಿತ್ತ ತಾಯೀನ ಮೆಟ್ಟಿನಲಿ ತುಳಿದಾರ
ಬಿಟ್ಟಾರ ಕಲ್ಲ ಬಿಸಿಲಾಗ ಒಯ್ದೇನ
ಬಿಟ್ಟಾರ ಕಲ್ಲ ಬಿಸಿಲಾಗ ಒಯ್ದೇನ
ಕೊಟ್ಟೇನು ಮತ್ತ ತೊಳಕೊಂಡು

"ಕದಿಯೋದಲ್ದೆ ಕವಿತೆ ಬೇರೆ!" ಎಂದ ಮುನೇಶ್.

ವನಿತಾ ಬೆರಳು ಮಡಿಚಿ ಮಾತ್ರೆ ಎಣಿಸಿದರು. "ಮೊದಲ್ನೇ ಸಾಲು ಐದು, ಐದು, ಐದು, ಐದು. ಎರಡನೇ ಅಕ್ಷರದ ಪ್ರಾಸ ಎಲ್ಲೂ ತಪ್ಪಿಲ್ಲ. ಇದು ತ್ರಿಪದಿ ಕಣ್ರೀ. ಮೂರೇ ಸಾಲಿರ್ಬೇಕು, ನಾಲ್ಕು ಹೆಂಗ್ ಬಂತು?"

"ಕಾಪಿ ಹೊಡಿಯೂದ್ರಾಗ ತಪ್ಪ್ಯಾರ್ರಿ ಮೇಡಂ," ಎಂದ ಬಾಗಲಕೋಟೆ ಕಡೆಯ ಕಾನ್‌ಸ್ಟೆಬಲ್ ಸಂಗಮೇಶ.

"ಎಲ್ಲಿ, ಮೂರೇ ಸಾಲು ಹಾಡಿ ನೋಡೋಣ."

ನಾಚುತ್ತಲೇ ಹಾಡಿದ. ಎರಡನೇ ಸಾಲು ಅವನ ಬಾಯಲ್ಲಿ ತಾನಾಗಿಯೇ ಮತ್ತೊಮ್ಮೆ ಬಂತು.

ವನಿತಾ ನಕ್ಕುಬಿಟ್ಟರು. "ನೋಡಿ, ಇದನ್ನ ಯಾರೋ ಹಾಡಿದಾರೆ, ಇನ್ಯಾರೋ ಕೇಳಿದ್ಹಂಗೇ ಬರ್ಕೊಂಡಿದಾರೆ. ನಿಮ್ಮ ಕಡೆಯವರೇ. ಈಗಿನ ಕಾಲಕ್ಕೆ ಬೀಸುಕಲ್ಲು ಯಾರಿಗ್ರೀ ಬೇಕು?"

"ಮದುವಿ ಮನಿಗೆ ಬೇಕ್ರಿ. ಅರಿಷಿಣ ಬೀಸಾಕ."

"ನಮ್ ಹಿಂದಿನ ಬೀದೀಲೇ ಚಪ್ಪರ ಹಾಕವ್ರೆ!" ಎಂದ ಮುನೇಶ್.

ಚಪ್ಪರದ ಮನೆಯ ಮೆಟ್ಟಿಲು ಹತ್ತುವಾಗಲೇ ಹಾಡು ಕೇಳಿಸಿತು. ಒಳಗೆ ಶಿವಲಿಂಗವ್ವ ಎಂಬ ಮುದುಕಿ ಕಲ್ಲು ತಿರುಗಿಸುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ರಕ್ಷಾ, ನಾಳೆ ಅರಿಷಿಣ ಹಚ್ಚಿಸಿಕೊಳ್ಳಬೇಕಾದ ಮದುಮಗಳು.

"ಕಲ್ಲು ತಂದಿದ್ದು ನೀವಾ ಅಜ್ಜಿ?"

"ಹೂನವ್ವ. ಎರಡ ಹೋಳು, ಎರಡ ಸಲ ಉರುಳಿಸ್ಕೊಂಡ ಬಂದೆ."

"ಚೀಟಿ?"

"ಅಜ್ಜಿ ಹಾಡಿದ್ಲು, ನಾನು ಬರ್ದೆ," ಎಂದಳು ರಕ್ಷಾ.

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲಜ್ಜಿ!" ಎಂದ ಮುನೇಶ್.

"ಕೇಳೀನಪಾ. ಶೋಪೀಸ್ ಮುಟ್ಟಬ್ಯಾಡ ಅಂದ್ರು ನಿನ್ನ ಮಂದಿ. ಅದರ ಮ್ಯಾಲ ಬೂಟುಗಾಲ ಇಟ್ಟು ಫೋಟೋ ಹೊಡಕೊಳ್ಳಾವರಿಗೆ ಒಬ್ಬರೂ ಏನೂ ಅನ್ಲಿಲ್ಲ."

ಮುನೇಶ್ ತಲೆ ಕೆರೆದುಕೊಂಡ. "ಕಂಪ್ಲೇಂಟ್ ವಾಪಸ್ ತಗೊಂಬಿಡ್ತೀನಿ ಮೇಡಂ."

"ಎಫ್‌ಐಆರ್ ಆಗೋಗಿದೆ. ರಾಜಿ ಏನಿದ್ರೂ ಕೋರ್ಟಲ್ಲಿ ಮಾಡ್ಕೊಳಿ. ಅಜ್ಜಿ, ನಿಮ್ಮನ್ನ ಅರೆಸ್ಟ್ ಮಾಡ್ಲೇಬೇಕು."

"ಮಾಡ ತಾಯಿ. ಆದ್ರ ಇದೊಂದ ಮುಗೀಲಿ."

ವನಿತಾ ಟೋಪಿ ತೆಗೆದಿಟ್ಟು ನೆಲದ ಮೇಲೆ ಕೂತರು. ಅರಿಷಿಣದ ಕೊನೆಯ ಕೊಂಬು ಪುಡಿಯಾಗುವವರೆಗೂ ಏಳಲಿಲ್ಲ. ಆಮೇಲೆ ಸಂಗಮೇಶ ಶಾಯಿಯ ಡಬ್ಬಿ ತೆರೆಯುವಷ್ಟರಲ್ಲಿ ಅರೆಸ್ಟ್ ಮೆಮೋ ಮೇಲೆ ಹಳದಿ ಹೆಬ್ಬೆಟ್ಟು ಬಿದ್ದಿತ್ತು.

ರಕ್ಷಾಳಿಗೆ ತಾಯಿಯಿಲ್ಲ. ಆ ತಾಯಿಯ ಮದುವೆಯಲ್ಲಿ ಅರಿಷಿಣ ಬೀಸುತ್ತಾ ಹಾಡಿದ ಪದಗಳನ್ನೇ ಮಗಳಿಗೂ ಹಾಡಬೇಕೆಂದು ಮುದುಕಿಗೆ ಆಸೆ. ಹೇಳಿಕೆಯ ಕೊನೆಯ ಮಾತನ್ನು ವನಿತಾ ಅವಳು ಆಡಿದಂತೆಯೇ ಬರೆದುಕೊಂಡರು:

"ಮೊದಲ ಮಿಕ್ಸಿನ ಹಚ್ಚಿ ನೋಡಿದ್ನವ್ವ. ಗುಂಯ್ ಅಂತು, ಅರಿಷಿಣ ಪುಡಿ ಆತು. ನನ್ನ ಹಾಡು ಇನ್ನೂ ಅರ್ಧ ಸಾಲಿನ್ಯಾಗ ಇತ್ತು."