ಗುಮ್ಮನಗುಸುಕನ ಕೆಂಪು

ಮೊದಲ ದಿನ ಅವನು ನನ್ನ ಮುಖ ನೋಡದೆ, ಎದುರಿನ ಬೂದು ಗೋಡೆಯನ್ನೇ ನೋಡುತ್ತಾ ಕುಳಿತಿದ್ದ. ಎಂಥ ಕೊಬ್ಬು ಎಂದುಕೊಂಡೆ.

“ಸಾರ್, ನಾನು ಈ ಕಡೆ ಇದ್ದೀನಿ.”

“ಗೊತ್ತು ಮೇಡಂ. ಕೆಂಪು ಶಾಲು ಹೊದ್ದಿದ್ದೀರಿ. ಕೆಂಪು ನೋಡೋ ಮೊದಲು ಅರ್ಧ ನಿಮಿಷ ಬೂದು ಬಣ್ಣ ನೋಡ್ಬೇಕು. ಇಲ್ಲಾಂದ್ರೆ ಕಣ್ಣು ಸುಳ್ಳು ಹೇಳುತ್ತೆ.”

ಆಮೇಲೆ ತಿರುಗಿದ. ಪೂರ್ತಿ ಅರ್ಧ ನಿಮಿಷ ನೋಡಿದ. “ಹೂಂ. ಒಗೆದು ಒಗೆದು ಬಣ್ಣ ಹೋಗಿದೆ,” ಎಂದ.

ಮೈ ಉರಿದುಹೋಯಿತು. ಆದರೂ ಸಂಜೆ ಬಸ್ಸಿನಲ್ಲಿ ಆ ಅರ್ಧ ನಿಮಿಷವೇ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಅದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಗಿರಾಕಿ ಕೊಟ್ಟ ತುಂಡಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಬಣ್ಣ ಬೆರೆಸುವುದು ಅವನ ಕೆಲಸ. ಹನ್ನೆರಡು ವರ್ಷದಲ್ಲಿ ಯಾರಿಗೂ ಒಂದಕ್ಷರ ಹೇಳಿಕೊಟ್ಟವನಲ್ಲ. ಬೆನ್ನ ಹಿಂದೆ ಎಲ್ಲರೂ ಗುಮ್ಮನಗುಸುಕ ಎನ್ನುತ್ತಿದ್ದರು. ತಿಳಿದದ್ದನ್ನು ಹಂಚಿಕೊಂಡವರಿಗೆ ಟ್ರೋಫಿ, ಸರ್ಟಿಫಿಕೇಟು, ನೋಟಿಸ್ ಬೋರ್ಡಿನಲ್ಲಿ ಫೋಟೊ ಎಂದು ಕಂಪನಿ ಆಸೆ ತೋರಿಸಿತ್ತು. ಅವನು ಆ ಬೋರ್ಡಿನ ಮೊಳೆಗೆ ತನ್ನ ಕೊಡೆ ನೇತುಹಾಕುತ್ತಿದ್ದ.

ಕೊನೆಗೆ ಒಂದು ದಪ್ಪ ನೋಟ್‌ಬುಕ್ ಕೊಟ್ಟು ನನ್ನನ್ನು ಕಳಿಸಿದರು.

“ಆರು ತಿಂಗಳ ಪ್ರೊಬೇಷನ್. ಅವರ ತಲೇಲಿರೋದೆಲ್ಲ ಇದರಲ್ಲಿ ಬರ್ಬೇಕು,” ಎಂದಿದ್ದರು ಮ್ಯಾನೇಜರ್. “ಪುಸ್ತಕ ತುಂಬಿದ ದಿನ ನಿಮ್ಮ ಕೆಲಸ ಖಾಯಂ, ಅವರನ್ನ ಮನೆಗೆ ಕಳಿಸ್ತೀವಿ. ಬಾಯಿ ಬಿಡ್ಬೇಡಿ.”

ಒಪ್ಪಿಕೊಂಡೆ. ಅಣ್ಣನ ಮನೆಯ ಹಾಲ್‌ನಲ್ಲಿ, ಫ್ರಿಜ್ ಪಕ್ಕ ನನ್ನ ಹಾಸಿಗೆ. ಬೆಳಿಗ್ಗೆ ಅತ್ತಿಗೆ ಹಾಲು ತೆಗೆಯಲು ನನ್ನ ಕಾಲು ದಾಟಿಕೊಂಡು ಹೋಗುತ್ತಿದ್ದಳು, ಒಂದು ನಿಟ್ಟುಸಿರಿನ ಸಮೇತ. ನನಗೆ ಬಾಗಿಲಿರುವ ಒಂದು ಕೋಣೆ ಬೇಕಿತ್ತು. ಅದಕ್ಕಾಗಿ ಯಾವನೋ ಗುಮ್ಮನಗುಸುಕನ ಕೆಲಸ ಹೋದರೆ ನನ್ನ ಗಂಟೇನು ಹೋಗುತ್ತದೆ?

ನಾನು ಟ್ರೋಫಿಯ ಮಾತೆತ್ತಲಿಲ್ಲ. ಹೆಡ್ಡಿಯ ಹಾಗೆ ಕೇಳಿದೆ. ಅವನು ಹೇಳಿದ್ದನ್ನು ಮಾರನೆಯ ದಿನ ಅವನಿಗೇ ಒಪ್ಪಿಸಿದೆ. ಅವನ ಮುಖ ಅರಳಿತು. ತನ್ನ ಮಾತನ್ನು ಒಬ್ಬಳು ಮನೆಯವರೆಗೆ ಹೊತ್ತುಕೊಂಡು ಹೋಗಿ ಹಾಗೇ ವಾಪಸ್ ತಂದಿದ್ದಾಳೆ ಎನ್ನುವುದೊಂದೇ ಅವನಿಗೆ ಸಾಕಿತ್ತು. ಹನ್ನೆರಡು ವರ್ಷ ಯಾರೂ ಅಷ್ಟು ಮಾಡಿರಲಿಲ್ಲ. ದಿನಕ್ಕೊಂದು ಗುಟ್ಟು ಬಿಟ್ಟುಕೊಟ್ಟ. ಒದ್ದೆ ಬಟ್ಟೆಯ ಬಣ್ಣ ನಂಬಬಾರದು. ಹಳದಿಯನ್ನು ಬೆಳಿಗ್ಗೆ ಹತ್ತರೊಳಗೆ ನೋಡಿ ಮುಗಿಸಬೇಕು.

ಒಮ್ಮೆ ಅವನ ಡ್ರಾಯರ್‌ನಲ್ಲಿದ್ದ ನೀಲಿ ಡಬ್ಬಿ ತೋರಿಸಿ, “ಅದರಲ್ಲೇನು ಸಾರ್?” ಎಂದೆ.

“ಸಕ್ಕರೆ.”

“ಯಾಕೆ?”

“ನನ್ನ ನಾಲಿಗೆಗೆ. ನೀವು ಬಂದ್ಮೇಲೆ ಸ್ವಲ್ಪ ಜಾಸ್ತಿ ಬೇಕಾಗ್ತಿದೆ.”

ನಕ್ಕುಬಿಟ್ಟೆ. ಅವನು ಗಡಿಬಿಡಿಯಲ್ಲಿ ಬೂದು ಗೋಡೆ ನೋಡಿ, ಆಮೇಲೆ ನನ್ನನ್ನು ನೋಡಿದ. ಅವತ್ತು ನಾನು ಕೆಂಪೇನೂ ತೊಟ್ಟಿರಲಿಲ್ಲ.

ನಾಲ್ಕನೇ ತಿಂಗಳು ಮುಗಿಯುವಷ್ಟರಲ್ಲಿ ನಾನು ಅವನನ್ನು ಪ್ರೀತಿಸುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಒಂದೇ ಪುಟ ಉಳಿದಿತ್ತು. “ಇನ್ನೂ ಬಾಕಿ ಇದೆ ಸಾರ್,” ಎಂದು ಮ್ಯಾನೇಜರ್‌ಗೆ ಎಂಟು ವಾರ ಸುಳ್ಳು ಹೇಳಿದೆ. ಬರೆಯಲು ಏನೂ ಉಳಿದಿಲ್ಲ ಎಂದೇ ನಾನು ನಂಬಿದ್ದೆ.

ಮ್ಯಾನೇಜರ್‌ಗೆ ತಾಳ್ಮೆ ಮುಗಿಯಿತು. ಸೋಮವಾರ ನನಗೆ ಪರೀಕ್ಷೆ ಎಂದರು. ನಾನೂರು ಮೀಟರ್ ಬಟ್ಟೆ, ಒಂದೇ ಕೆಂಪು, ನಾನೊಬ್ಬಳೇ. ಅವನು ಒಳಗೆ ಬರುವಂತಿಲ್ಲ.

ಶನಿವಾರ ಅವನನ್ನು ಕೇಳಿದೆ, “ನಂಗೆ ಹೇಳದೇ ಇರೋದು ಏನಾದ್ರೂ ಉಳಿದಿದ್ಯಾ?”

“ಏನಿಲ್ಲ,” ಎಂದ, ಗೋಡೆ ನೋಡುತ್ತಾ.

ಸೋಮವಾರ ಹೊರಬಂದದ್ದು ಕೆಂಪಲ್ಲ, ಒಣಗಿದ ಗಾಯದ ಬಣ್ಣ. ನಾನೂರು ಮೀಟರ್ ಪೂರ್ತಿ. “ಶುಕ್ರವಾರದವರೆಗೆ ಬನ್ನಿ, ಸಾಕು,” ಎಂದರು ಮ್ಯಾನೇಜರ್. “ಇಲ್ಲಾಂದ್ರೆ ಇದು ಯಾಕೆ ಹೀಗಾಯ್ತು ಅಂತ ಬರೆದು, ಪುಸ್ತಕ ಮುಗಿಸಿ ಕೊಡಿ.”

ನೋಟ್‌ಬುಕ್ ಹಿಡಿದು ಅವನ ಮೇಜಿಗೆ ಹೋದೆ. ಕೇಳುವ ಮೊದಲೇ ಅವನು ನೀಲಿ ಡಬ್ಬಿ ತೆಗೆದು ಮುಂದಿಟ್ಟ.

“ತಿಂಗಳ ಮೊದಲನೇ ಸೋಮವಾರ ಟ್ಯಾಂಕ್ ತೊಳೀತಾರೆ. ಅವತ್ತು ಬೋರ್‌ವೆಲ್ ನೀರು. ಗಡಸು ನೀರಲ್ಲಿ ಕೆಂಪು ನಿಲ್ಲಲ್ಲ. ಈ ಪುಡಿ ಹಾಕಿ ಮೆದು ಮಾಡ್ಬೇಕು. ಇಷ್ಟು ದಿನ ನೀವು ಟೀಗೆ ಹೋದಾಗ ನಾನೇ ಹಾಕ್ತಿದ್ದೆ.”

“ಶನಿವಾರ ಕೇಳಿದ್ನಲ್ಲ?”

“ಫೇಲಾದ್ರೆ ಪ್ರೊಬೇಷನ್ ಇನ್ನು ಮೂರು ತಿಂಗಳು ಮುಂದೆ ಹಾಕ್ತಾರೆ ಅಂದ್ಕೊಂಡೆ. ಎಲ್ಲಾ ಕಲಿತ್ಮೇಲೆ ನೀವ್ಯಾಕೆ ನನ್ನ ಪಕ್ಕ ಕೂರ್ತೀರಿ?” ಡಬ್ಬಿಯನ್ನು ಇನ್ನಷ್ಟು ನನ್ನ ಕಡೆ ಸರಿಸಿದ. “ನಿಮ್ಮನ್ನ ಪ್ರೀತಿಸ್ತೀನಿ. ಬೇರೆ ಹೇಗೆ ಉಳಿಸ್ಕೊಳ್ಳೋದು ಅಂತ ಗೊತ್ತಾಗ್ಲಿಲ್ಲ.”

ಎರಡು ತಿಂಗಳಿಂದ ನಾನು ಕಾಯುತ್ತಿದ್ದ ಮಾತು. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆಂದೂ ಅನ್ನಿಸಿತು. ಎರಡೂ ಮಾಡಲಿಲ್ಲ. ನೋಟ್‌ಬುಕ್ ತೆರೆದೆ.

“ಈ ಪುಸ್ತಕ ತುಂಬಿದ ದಿನ ನಿಮ್ಮನ್ನ ಮನೆಗೆ ಕಳಿಸ್ತಾರೆ. ನಿಮಗೋಸ್ಕರ ಎಂಟು ವಾರದಿಂದ ಈ ಪುಟ ಖಾಲಿ ಬಿಟ್ಟಿದ್ದೆ,” ಎಂದೆ. “ಎಷ್ಟು ಚಮಚ?”

ಅವನು ಆ ಖಾಲಿ ಪುಟದ ಮೇಲೆ ಬೆರಳಾಡಿಸಿದ.

“ಮೊದಲ ದಿನದಿಂದಲೂ ಗೊತ್ತಿತ್ತಾ?”

“ಗೊತ್ತಿತ್ತು.”

“ನೂರು ಲೀಟರ್‌ಗೆ ಎರಡು ಚಮಚ. ಬಣ್ಣಕ್ಕಿಂತ ಮೊದಲು,” ಎಂದ. “ಬರ್ಕೊಳ್ಳಿ ಮೇಡಂ.”

ಬರೆದುಕೊಂಡೆ. ಅಕ್ಷರ ದುಂಡಗೆ, ಸಾಲು ನೆಟ್ಟಗೆ ಬಂತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಶುಕ್ರವಾರ ಅವನ ಫೋಟೊ ಬೋರ್ಡಿಗೆ ಬಂತು. ಟ್ರೋಫಿ ಕೊಡುತ್ತಾ ಮ್ಯಾನೇಜರ್ ನಕ್ಕರು. “ಹನ್ನೆರಡು ವರ್ಷ ತುಟಿ ಬಿಚ್ಚದವರು ಈಗ ಹೇಗೆ ಬಿಚ್ಚಿದ್ರಿ?”

“ಚೆನ್ನಾಗಿ ಕೇಳಿದ್ರು,” ಎಂದ. ನನ್ನ ಕಡೆ ತಿರುಗಲಿಲ್ಲ, ಗೋಡೆಯನ್ನೂ ನೋಡಲಿಲ್ಲ. ಟ್ರೋಫಿಯನ್ನು ಮೇಜಿನ ಮೇಲೆ ಬಿಟ್ಟು, ಕೊಡೆ ತೆಗೆದುಕೊಂಡು ಹೊರಟುಹೋದ.

ಈಗ ನನಗೊಂದು ಕೋಣೆಯಿದೆ. ಅದಕ್ಕೆ ಬಾಗಿಲಿದೆ. ಯಾರೂ ತಟ್ಟುವುದಿಲ್ಲ.

ಮುಂದಿನ ತಿಂಗಳ ಮೊದಲ ಸೋಮವಾರ ಟ್ಯಾಂಕ್ ತೊಳೆದರು. ನೀಲಿ ಡಬ್ಬಿ ತೆರೆದು, ಅವನು ಬರೆಸಿದ ಅಳತೆಯಲ್ಲೇ ಪುಡಿ ಹಾಕಿದೆ. ಬೇಕೆಂದೇ ತಪ್ಪು ಅಳತೆ ಹೇಳಿರಲಿ ಎಂದು ಮನಸಾರೆ ಬೇಡಿಕೊಂಡೆ. ಹಾಗಾಗಿದ್ದರೆ ಅವನೂ ನನ್ನಷ್ಟೇ ಕೆಟ್ಟವನೆಂದು ನೆಮ್ಮದಿಯಾಗಿರಬಹುದಿತ್ತು.

ಬಟ್ಟೆ ಒಣಗಿತು. ಅರ್ಧ ನಿಮಿಷ ಬೂದು ಗೋಡೆ ನೋಡಿ ಅದರತ್ತ ತಿರುಗಿದೆ. ಕೆಂಪು ಸರಿಯಾಗಿ ಬಂದಿತ್ತು.